ಕುರಿಯ ತಳಿ ಮತ್ತು ಹೊಟ್ಟೆಯ ಹುಳು



ಮಂಡ್ಯ-ಮೈಸೂರು ಸೀಮೆಯ ಬನ್ನೂರು ಕುರಿಯನ್ನು ತಾವೆಲ್ಲ ಬಲ್ಲಿರಿ. ಗಿಡ್ಡ ಕಾಲು, ತುಂಬಿದ ತೊಡೆ, ಮೃದುವಾದ ಮಾಂಸ. ಅಪ್ಪಟ ತಳಿ ಈಗ ವಿರಳವಾಗಿದೆ. ಮಳೆಗಾಲ ಬಂತೆಂದರೆ ಮಂದೆಯಲ್ಲಿ ಕೆಲವು ಮರಿ ಸೊರಗಿ ಸಾಯುತ್ತವೆ. "ಹೊಟ್ಟೇಲಿ ಹುಳ ಆಗಿತ್ತು" ಎಂದು ಸುಮ್ಮನಾಗುತ್ತೇವೆ. ಅದೇ ಹುಲ್ಲು ಮೇಯ್ದ ಪಕ್ಕದ ಮರಿ ಗಟ್ಟಿಯಾಗಿ ನಿಂತಿತಲ್ಲ, ಅದು ಹೇಗೆ?

ರಕ್ತ ಹೀರುವ ಈ ಹುಳು ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ಕಚ್ಚಿಕೊಂಡಿರುತ್ತದೆ. ಒಂದು ಹೆಣ್ಣುಹುಳು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಮೊಟ್ಟೆಗಳು ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು, ಮರಿಹುಳುಗಳಾಗಿ, ಒದ್ದೆ ಹುಲ್ಲು ಹತ್ತಿ, ಮತ್ತೆ ಕುರಿಯ ಹೊಟ್ಟೆ ಸೇರುತ್ತವೆ. ರಕ್ತ ಕಳೆದುಕೊಂಡ ಕುರಿಯ ಕಣ್ಣಿನ ಒಳರೆಪ್ಪೆ ಬಿಳಿಚುತ್ತದೆ, ದವಡೆಯ ಕೆಳಗೆ ನೀರು ತುಂಬಿ ಊದುತ್ತದೆ.

ಹುಳುವನ್ನು ತಡೆಯುವ ಶಕ್ತಿ ಸ್ವಲ್ಪಮಟ್ಟಿಗೆ ಹುಟ್ಟಿನಿಂದಲೇ ಬರುತ್ತದೆ. ಇದಕ್ಕೆ ದೂರದ ಒಂದು ದ್ವೀಪದಲ್ಲಿ ಒಳ್ಳೆಯ ನಿದರ್ಶನ ಸಿಕ್ಕಿದೆ. ಸ್ಕಾಟ್‌ಲೆಂಡಿನ ಪಶ್ಚಿಮಕ್ಕಿರುವ ಸೇಂಟ್ ಕಿಲ್ಡದಲ್ಲಿ ಸೋಯೆ ಎಂಬ ಹಳೆಯ ತಳಿಯ ಕುರಿಗಳು ಕುರುಬರಿಲ್ಲದೆ ತಾವೇ ಬದುಕುತ್ತವೆ. 1985ರಿಂದ ವಿಜ್ಞಾನಿಗಳು ಅವುಗಳ ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಹತ್ತಿರದ ರಕ್ತಸಂಬಂಧದಲ್ಲಿ ಹುಟ್ಟಿದವುಗಳಲ್ಲಿ ಹುಳು ಹೆಚ್ಚು, ಚಳಿಗಾಲದಲ್ಲಿ ಸಾಯುವುದೂ ಅವೇ ಹೆಚ್ಚು ಎಂದು 1999ರಲ್ಲಿ ತಿಳಿಸಿದರು. ಹುಳುವಿನ ಔಷಧಿ ಕೊಟ್ಟ ಕುರಿಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಎಂದರೆ, ಔಷಧಿ ಜೀವ ಉಳಿಸುತ್ತದೆ, ನಿಜ. ಆದರೆ ತಳಿಯೊಳಗಿನ ದೌರ್ಬಲ್ಯ ನಮ್ಮ ಕಣ್ಣಿಗೆ ಬೀಳದಂತೆಯೂ ಮಾಡುತ್ತದೆ.

ನಮ್ಮಲ್ಲಿ ನಡೆಯುವುದೇನು? ಚೆನ್ನಾಗಿ ಬೆಳೆದ ಟಗರುಮರಿ ಬಕ್ರೀದಿಗೆ ಒಳ್ಳೆ ಬೆಲೆಗೆ ಹೋಗುತ್ತದೆ. ಉಳಿದ ಒಂದೇ ಟಗರು ತನ್ನ ಮಗಳಿಗೂ ಮೊಮ್ಮಗಳಿಗೂ ಮರಿ ಕೊಡುತ್ತದೆ. ಮಂದೆ ಸಣ್ಣದಾದಷ್ಟೂ ಈ ಅಪಾಯ ದೊಡ್ಡದು.

ಹಾಗಾದರೆ ಮಾಡಬೇಕಾದ್ದೇನು?

ಒಂದು, ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸಿ. ಬೇರೆ ಊರಿನಿಂದ ತನ್ನಿ, ಆದರೆ ಬನ್ನೂರು ಟಗರನ್ನೇ ತನ್ನಿ. ಊರೂರಿನವರು ಮಾತಾಡಿಕೊಂಡು ಟಗರು ಅದಲುಬದಲು ಮಾಡಿಕೊಂಡರೆ ಖರ್ಚೂ ಇಲ್ಲ.

ಎರಡು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಪ್ರತಿ ಕುರಿಯ ಕಣ್ಣಿನ ಒಳರೆಪ್ಪೆ ನೋಡಿ. ಬಿಳಿಚಿದ್ದಕ್ಕೆ ಪಶುವೈದ್ಯರು ಹೇಳಿದ ಅಳತೆಯಲ್ಲಿ ಔಷಧಿ ಕುಡಿಸಿ. ಮಂದೆಗೆಲ್ಲ ಪದೇಪದೇ ಕುಡಿಸಿದರೆ ಔಷಧಿಗೆ ಜಗ್ಗದ ಹುಳುಗಳೇ ಉಳಿಯುತ್ತವೆ.

ಮೂರು, ಮತ್ತೆಮತ್ತೆ ಬಿಳಿಚುವ ತಾಯಿಯ ಮರಿಯನ್ನು ಬೀಜದ ಟಗರಾಗಿ ಬಿಡಬೇಡಿ. ಔಷಧಿಯಿಲ್ಲದೆ ಮಳೆಗಾಲ ದಾಟಿದ ತಾಯಿ ಯಾವುದು ಎಂಬುದು ಮನೆಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳಿ, ಅದರ ಮರಿಗೆ ಗುರುತು ಹಾಕಿ, ದಲ್ಲಾಳಿ ಎಷ್ಟು ಹೇಳಿದರೂ ಕೊಡಬೇಡಿ. ಆ ಮರಿ ನಮ್ಮೂರಿನಲ್ಲೇ ಉಳಿದರೆ ತಳಿಯೂ ಉಳಿದೀತು.