ಮುಟ್ಟಿ ನೋಡುವ ಸೂಕ್ಷ್ಮದರ್ಶಕ

ನಾನು ವಾಸವಾಗಿರುವುದು ಬೆಂಗಳೂರಿನ ಪಶ್ಚಿಮ ಭಾಗದ ಗೋವಿಂದರಾಜನಗರದಲ್ಲಿ. ಮಾಗಡಿ ರಸ್ತೆಗೆ ಬಂದು ಕಾಮಾಕ್ಷಿಪಾಳ್ಯದ ಕಡೆಗೆ ಸ್ವಲ್ಪ ದೂರ ನಡೆದರೆ ಲೇತ್ ಯಂತ್ರಗಳ ಸದ್ದು ಕಿವಿಗೆ ಬೀಳುತ್ತದೆ. ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ದುಡಿಯುವ ಹಿರಿಯ ಕೆಲಸಗಾರರೊಬ್ಬರ ಪರಿಚಯ ನನಗುಂಟು. ಕಡೆದ ಉಕ್ಕಿನ ತುಂಡು ಕೈಗೆ ಬಂದರೆ ಅವರು ಮೊದಲು ಅಳತೆಯ ಸಾಧನವನ್ನು ಹುಡುಕುವುದಿಲ್ಲ. ಹೆಬ್ಬೆರಳಿನ ಉಗುರನ್ನು ಅದರ ಮೈಮೇಲೆ ಮೆಲ್ಲನೆ ಎಳೆಯುತ್ತಾರೆ. "ಕಣ್ಣು ಮೋಸ ಹೋಗ್ತದೆ ಸಾರ್, ಉಗುರು ಹೋಗಲ್ಲ" ಎಂಬುದು ಅವರ ಮಾತು. ಕನ್ನಡಿಯಂತೆ ಹೊಳೆಯುವ ಮೈಯಲ್ಲಿಯೂ ಅವರ ಉಗುರಿಗೆ ಗೀರು ಸಿಕ್ಕುತ್ತದೆ.

ನಗರದ ಸಂಶೋಧನಾಲಯವೊಂದರಲ್ಲಿ ನಾನು ಹಲವು ವರ್ಷಗಳಿಂದ ನಡೆಸುತ್ತಿರುವ ಯಂತ್ರವೂ ಇದೇ ಕೆಲಸವನ್ನು ಮಾಡುತ್ತದೆ. ಅದರ ಹೆಸರು ಪರಮಾಣು ಬಲ ಸೂಕ್ಷ್ಮದರ್ಶಕ. ಆದರೆ ದರ್ಶಕವೆಂಬ ಮಾತು ಇಲ್ಲಿ ಅಷ್ಟಾಗಿ ಸಲ್ಲದು. ಇದಕ್ಕೆ ಕಣ್ಣಿಲ್ಲ, ಇರುವುದು ಬೆರಳು ಮಾತ್ರ. ಬೆಳಕಿನಿಂದ ನೋಡುವ ಸಾಮಾನ್ಯ ಸೂಕ್ಷ್ಮದರ್ಶಕವು ಸುಮಾರು 200 ನ್ಯಾನೋಮೀಟರಿಗಿಂತ ಚಿಕ್ಕ ವಿವರಗಳನ್ನು ಬಿಡಿಸಿ ತೋರಿಸಲಾರದು. ನಮ್ಮ ಕೂದಲೆಳೆಯ ದಪ್ಪವೇ ಸುಮಾರು 80,000 ನ್ಯಾನೋಮೀಟರ್ ಎಂದರೆ ಆ ಅಳತೆ ಎಷ್ಟು ಕಿರಿದೆಂಬುದು ತಮಗೆ ಹೊಳೆದೀತು. ಅದಕ್ಕೂ ಕೆಳಗಿನ ಲೋಕವನ್ನು ಈ ಯಂತ್ರವು ಕುರುಡರು ಉಬ್ಬಕ್ಷರವನ್ನು ಓದುವಂತೆ ತಡವಿ ಓದುತ್ತದೆ.

ಇದರ ಚರಿತ್ರೆ ತೀರ ಹಳೆಯದಲ್ಲ. 1981ರಲ್ಲಿ ಸ್ವಿಟ್ಜರ್ಲೆಂಡಿನ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಷ್ ರೋರರ್ ಎಂಬ ವಿಜ್ಞಾನಿಗಳು ಸೂಜಿಯ ಮೊನೆಯಿಂದ ವಸ್ತುವಿನ ಮೇಲ್ಮೈಯನ್ನು ಅರಿಯುವ ಒಂದು ಉಪಕರಣವನ್ನು ರಚಿಸಿದರು. 1986ರ ನೊಬೆಲ್ ಪಾರಿತೋಷಕದ ಅರ್ಧಭಾಗ ಅವರಿಗೆ ಸಂದಿತು. ಆದರೆ ವಿದ್ಯುತ್ತು ಹರಿಯುವ ವಸ್ತುಗಳಿಗೆ ಮಾತ್ರ ಅದು ಒದಗುತ್ತಿತ್ತು. ಗಾಜು, ಪ್ಲಾಸ್ಟಿಕ್, ಜೀವಕೋಶ ಇವುಗಳ ಗತಿಯೇನು? ಈ ಕೊರತೆಯನ್ನು ನೀಗುವ ಹೊಸ ಉಪಕರಣವನ್ನು ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್ ಮತ್ತು ಕ್ರಿಸ್ಟಾಫ್ ಗರ್ಬರ್ ಅದೇ 1986ರಲ್ಲಿ ಲೋಕದ ಮುಂದಿಟ್ಟರು. ಚಿನ್ನದ ತಗಡಿನ ಕಿರುಪಟ್ಟಿಗೆ ವಜ್ರದ ಚೂರೊಂದನ್ನು ಅಂಟಿಸಿದ್ದೇ ಆ ಮೊದಲ ಯಂತ್ರದ ಬೆರಳು.

ಇಂದು ನಾವು ಬಳಸುವ ಬೆರಳು ಸಿಲಿಕಾನಿನದು. ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು ಉದ್ದದ ಪುಟ್ಟ ತೊಲೆ. ಅದರ ತುದಿಯಲ್ಲಿ ಸುಮಾರು 10 ನ್ಯಾನೋಮೀಟರ್ ತ್ರಿಜ್ಯದ ಮೊನೆ. ತೊಲೆಯ ಬೆನ್ನಿನ ಮೇಲೆ ಲೇಸರ್ ಕಿರಣವೊಂದು ಬಿದ್ದು ಪ್ರತಿಫಲಿಸುತ್ತದೆ. ಮೊನೆಯು ಸೆಕೆಂಡಿಗೆ ಸುಮಾರು 3 ಲಕ್ಷ ಬಾರಿ ಕಂಪಿಸುತ್ತ ಮೇಲ್ಮೈಯನ್ನು ತಟ್ಟಿ ತಟ್ಟಿ ಸಾಗುತ್ತದೆ. ದಿಬ್ಬ ಎದುರಾದರೆ ಕಂಪನ ಕುಗ್ಗುತ್ತದೆ, ತಗ್ಗು ಬಂದರೆ ಹಿಗ್ಗುತ್ತದೆ. ಕಿರಣದ ಅಲುಗಾಟದಿಂದ ಅದನ್ನು ಅರಿತ ಯಂತ್ರವು ಮೊನೆಯನ್ನು ಎತ್ತುತ್ತ ಇಳಿಸುತ್ತ ಹೋಗುತ್ತದೆ. ಹೀಗೆ ಎತ್ತಿಳಿಸಿದ ಲೆಕ್ಕವೇ ಕೊನೆಗೆ ಚಿತ್ರವಾಗುವುದು. ಗೆರೆಗೊಂದು ಸೆಕೆಂಡಿನಂತೆ 512 ಗೆರೆಗಳನ್ನು ಎಳೆಯಲು ಎಂಟೂವರೆ ನಿಮಿಷ ಬೇಕು. ಅಷ್ಟರಲ್ಲಿ ಯಾರಾದರೂ ಬಾಗಿಲನ್ನು ದಢಾರನೆ ಹಾಕಿದರೆ ಆ ದಢಾರೆಂಬುದೂ ಚಿತ್ರದಲ್ಲಿ ಗೆರೆಯಾಗಿ ಮೂಡುತ್ತದೆ. ಆದುದರಿಂದ ನಮ್ಮ ಒಳ್ಳೆಯ ಚಿತ್ರಗಳಲ್ಲಿ ಹಲವು ಊರು ಮಲಗಿದ ಹೊತ್ತಿನಲ್ಲಿ ತೆಗೆದವು.

ಇಂತಹ ದುಬಾರಿ ಯಂತ್ರವನ್ನು ಪ್ರತಿ ಕಾಲೇಜೂ ಕೊಳ್ಳಲಾರದು. ಆದುದರಿಂದ ಇದು ಹಂಚಿಕೊಂಡು ಬಳಸುವ ವಸ್ತು. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಹೊರಗಿನ ಕಾಲೇಜುಗಳವರೂ ಬಂದು ಕೆಲಸಮಾಡುವ ಏರ್ಪಾಡುಂಟು. ದೇಶದ ಸಂಶೋಧನಾ ಉಪಕರಣಗಳು ಎಲ್ಲೆಲ್ಲಿವೆ ಎಂದು ತಿಳಿಸಿ ಸರದಿ ಕಾದಿರಿಸಲು ನೆರವಾಗುವ ಐ-ಸ್ಟೆಮ್ ಎಂಬ ಜಾಲತಾಣವೂ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿಯೇ ಉದ್ಘಾಟನೆಗೊಂಡಿತು. ವಠಾರದಲ್ಲಿ ಬಾಳಿದವರಿಗೆ ಈ ಹಂಚಿಕೆಯ ಸುಖದುಃಖಗಳನ್ನು ವಿವರಿಸಬೇಕಾಗಿಲ್ಲ. ಹತ್ತು ಮನೆಗೆ ಒಂದೇ ನಲ್ಲಿ. ಬಿಂದಿಗೆ ತುಂಬಿಕೊಂಡವರು ತಿರುಪನ್ನು ಕೆಡಿಸಿ ಸುಮ್ಮನೆ ಹೋದರೆ ಅದರ ಫಲ ಉಣ್ಣುವವರು ಹಿಂದೆ ನಿಂತವರು.

ಒಂದು ದಿನ ಉತ್ತರ ಕರ್ನಾಟಕದ ಕಾಲೇಜೊಂದರಿಂದ ಒಬ್ಬ ಹುಡುಗಿ ಬಂದಳು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದ ಆಯಾಸ ಮುಖದಲ್ಲಿತ್ತು. ಬೇವಿನ ಎಲೆಯ ಕಷಾಯದಿಂದ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಮಾಡಿ, ಅದರ ಒಂದು ಹನಿಯನ್ನು ಅಭ್ರಕದ ಬಿಲ್ಲೆಯ ಮೇಲೆ ಒಣಗಿಸಿ ತಂದಿದ್ದಳು. ಅವಳಿಗೆ ದೊರೆತಿದ್ದುದು ಎರಡು ಗಂಟೆಯ ಸರದಿ. ಚಿತ್ರ ಗೆರೆಗೆರೆಯಾಗಿ ಇಳಿಯತೊಡಗಿತು. ಪರದೆಯ ಮೇಲೆ ಕಣಗಳು ಮೂಡಿದವು; ಪ್ರತಿಯೊಂದೂ ಜೋಡಿ ಕಣ! "ಸರ್, ಎರಡೆರಡು ಕೂಡಿಕೊಂಡಾವ್ರಿ!" ಎಂದು ಅವಳು ಕುರ್ಚಿಯಿಂದೆದ್ದಳು. ಇಂಥದನ್ನು ತಾನೆಲ್ಲಿಯೂ ಓದಿಲ್ಲವೆಂದೂ ಇದೇ ತನ್ನ ಪ್ರಬಂಧದ ಮುಖ್ಯ ಅಧ್ಯಾಯವಾಗುವುದೆಂದೂ ಹೇಳಿದಳು.

ನನ್ನ ಎದೆ ಕುಸಿಯಿತು. ಒಣಗಿದ ಹನಿಯಲ್ಲಿ ಕಣಗಳು ಜೋಡಿಯಾದರೆ ಒಂದು ಜೋಡಿ ಉತ್ತರಕ್ಕೆ, ಇನ್ನೊಂದು ಪೂರ್ವಕ್ಕೆ, ಹೀಗೆ ದಿಕ್ಕು ದಿಕ್ಕಿಗೆ ಮುಖಮಾಡಿರಬೇಕು. ಇಲ್ಲಿ ಎಲ್ಲ ಜೋಡಿಗಳೂ ಒಂದೇ ದಿಕ್ಕಿಗೆ, ಒಂದೇ ಅಂತರದಲ್ಲಿ, ಕವಾಯತಿಗೆ ನಿಂತಂತೆ ನಿಂತಿದ್ದವು. ಜೋಡಿಯಾಗಿದ್ದುದು ಕಣವಲ್ಲ, ಮೊನೆ. ಹಿಂದಿನ ಸರದಿಯವರು ಮೊನೆಯನ್ನು ಎಲ್ಲಿಗೋ ತಾಗಿಸಿ ಮುಕ್ಕುಮಾಡಿದ್ದರು. ಒಡೆದ ಮೊನೆಗೆ ಎರಡು ತುದಿಗಳಾದವು. ಒಂದೊಂದು ಕಣವನ್ನೂ ಅದು ಎರಡೆರಡು ಸಲ ಮುಟ್ಟುತ್ತಿತ್ತು. ದಾಖಲೆ ಪುಸ್ತಕದಲ್ಲಿ ಅದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂತಹುದೇ ಸಂಶಯದ ಚಿತ್ರವೊಂದನ್ನು ನಾನು ಮಾತಾಡದೆ ಕೊಟ್ಟು ಕಳುಹಿಸಿದ್ದೆ. ಸಂಜೆಯಾಗಿತ್ತು, ಬಂದಿದ್ದವನು ಸಂತೋಷದಲ್ಲಿದ್ದ, ಕೆಡಿಸಲು ಮನಸ್ಸಾಗಲಿಲ್ಲ. ಆ ಚಿತ್ರ ಅವನ ಪ್ರಬಂಧದಲ್ಲಿ ಅಚ್ಚಾಯಿತು. ಎಲ್ಲೋ ಒಂದು ಕಪಾಟಿನಲ್ಲಿ ಅದು ಇಂದಿಗೂ ಸುಳ್ಳು ಹೇಳುತ್ತ ಕುಳಿತಿರಬೇಕು. ಮಾತನಾಡಬೇಕಾದಾಗ ಸುಮ್ಮನಿದ್ದುದು ದಾಕ್ಷಿಣ್ಯವೆಂದು ಆಗ ತಿಳಿದಿದ್ದೆ. ಅದು ಹೇಡಿತನವೆಂದು ಅರ್ಥವಾಗಲು ವರ್ಷಗಳು ಬೇಕಾದವು.

ಹುಡುಗಿಗೆ ಹೇಳಿದೆ: "ನೋಡಮ್ಮ, ನಾನು ಹೇಳಿದೆನೆಂದು ನಂಬಬೇಡ. ಬಿಲ್ಲೆಯನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಚಿತ್ರ ತೆಗೆಯೋಣ. ಜೋಡಿಗಳು ನಿನ್ನ ಕಣಗಳವೇ ಆಗಿದ್ದರೆ ಅವೂ ಕಾಲು ಸುತ್ತು ತಿರುಗುತ್ತವೆ. ಮೊನೆಯ ದೋಷವಾದರೆ ಇದ್ದ ದಿಕ್ಕಿನಲ್ಲೇ ಇರುತ್ತವೆ." ತಿರುಗಿಸಿದೆವು. ಎಂಟೂವರೆ ನಿಮಿಷ ಇಬ್ಬರೂ ಮಾತಾಡಲಿಲ್ಲ. ಜೋಡಿಗಳು ಇದ್ದ ದಿಕ್ಕಿನಲ್ಲೇ ಇದ್ದವು. ಅವಳು ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದು, "ಹೊಸಾ ಮೊನಿ ಹಾಕ್ರಿ ಸರ್" ಎಂದಳು.

ಮೊನೆ ಬದಲಿಸಿ, ಲೇಸರನ್ನು ಹೊಂದಿಸುವಷ್ಟರಲ್ಲಿ ಅವಳ ಸರದಿ ಮುಗಿಯಿತು. ಮುಂದಿನವನು ನಮ್ಮ ನಗರದವನೇ ಆದ ಒಬ್ಬ ತರುಣ. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದನೆಂದು ತೋರುತ್ತದೆ. "ಅವರು ಮುಗಿಸಲಿ ಸರ್, ನಾನು ನಾಳೆಯಾದರೂ ಬರಬಹುದು" ಎಂದು ಹೊರಟುಹೋದ. ಹೊಸ ಮೊನೆಯ ಚಿತ್ರದಲ್ಲಿ ಕಂಡುವು ಸಾಧಾರಣವಾದ, ಗುಂಡನೆಯ, ಒಂಟಿ ಕಣಗಳು. ಅಚ್ಚರಿ ಹೋಯಿತು, ನಿಜ ಉಳಿಯಿತು. ಮೊನೆಗೂ ದಪ್ಪವಿರುವುದರಿಂದ ಕಣಗಳ ಅಗಲ ಇದ್ದುದಕ್ಕಿಂತ ಹೆಚ್ಚಾಗಿ ತೋರುತ್ತದೆ, ಎತ್ತರವನ್ನೇ ನೆಚ್ಚಬೇಕು ಎಂದು ಹೇಳಿಕೊಟ್ಟೆ. ಅವಳು ಅದನ್ನು ಬರೆದುಕೊಂಡಳು. ಹೊರಡುವ ಮುನ್ನ ದಾಖಲೆ ಪುಸ್ತಕವನ್ನು ಕೇಳಿ ಪಡೆದು ತಾನಾಗಿಯೇ ಬರೆದಳು: "ಹಳೆಯ ಮೊನೆ ಮುಕ್ಕಾಗಿತ್ತು. ಹೊಸದು ಹಾಕಿದೆ. ಸರಿಯಾಗಿದೆ."

ಆ ಮೂರು ಚಿಕ್ಕ ವಾಕ್ಯಗಳನ್ನು ನಾನು ಈಗಲೂ ಹೊಸಬರಿಗೆ ತೋರಿಸುತ್ತೇನೆ. ಹತ್ತು ಜನ ಮುಟ್ಟುವ ಯಂತ್ರವನ್ನು ನಂಬುವುದಕ್ಕೆ ಇಂಥ ವಾಕ್ಯಗಳೇ ಆಧಾರ.

ಕಾಮಾಕ್ಷಿಪಾಳ್ಯದ ಹಿರಿಯರಿಗೆ ಈ ಸಂಗತಿಯನ್ನು ಹೇಳಿ, "ನಿಮ್ಮ ಉಗುರೂ ಮೋಸ ಹೋಗಬಹುದಲ್ಲವೇ?" ಎಂದು ಕೇಳಿದೆ. ಅವರು ನಕ್ಕು, ಎಣ್ಣೆ ಮೆತ್ತಿದ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. "ಅದಕ್ಕೇ ಸಾರ್, ಬೆಳಿಗ್ಗೆ ಬಂದ ತಕ್ಷಣ ಮೊದಲು ಉಗುರು ನೋಡ್ಕೋತೀನಿ" ಎಂದರು.