700 ಮಂದಿಯೋ, 5,000 ಮಂದಿಯೋ?

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಫೋನ್ ಮಾಡಿ, "ಸಾರ್, ನೀವು ಇಷ್ಟು ವರ್ಷ ಇತಿಹಾಸ ಪಾಠ ಮಾಡಿದವರು. ಮಕ್ಕಳು ಆಕಳಿಸದೆ ಕೇಳುವಂಥದ್ದು ಏನಾದರೂ ಹೇಳಿ" ಎಂದರು. ಮಕ್ಕಳು ಆಕಳಿಸದೆ ಕೇಳುವುದು ಯುದ್ಧದ ಕಥೆಯನ್ನು. ಅದರಲ್ಲೂ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಶತ್ರುವಿನ ಬೆನ್ನ ಹಿಂದೆ ಇಳಿಯುವ ಸೈನಿಕರ ಕಥೆ ಎಂದರೆ ಕೊನೆಯ ಬೆಂಚಿನವರೂ ಕಿವಿ ನಿಮಿರಿಸುತ್ತಾರೆ. ಅದಕ್ಕೆ ಇವತ್ತು ಅಂಥ ಎರಡು ಸೇತುವೆಗಳ ಕಥೆ ಹೇಳುತ್ತೇನೆ. ಜೊತೆಗೆ, ಅಂಥ ಕಥೆಗಳನ್ನು ಜನಸಾಮಾನ್ಯರಿಗಾಗಿ ಬರೆಯುವವರು ಏನನ್ನು ಕಾಪಾಡಬೇಕು ಎಂಬ ಒಂದು ಮಾತನ್ನೂ ಹೇಳುತ್ತೇನೆ.

ಇದು ಎಲ್ಲೋ ದೂರದ ವಿಷಯ ಎಂದುಕೊಳ್ಳಬೇಡಿ. ನಮ್ಮ ಸೇನೆಯ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಇದೇ ಬೆಂಗಳೂರಿನಲ್ಲಿದೆ. ನಮ್ಮ ಎಚ್‌ಎಎಲ್ ಕಾರ್ಖಾನೆ ಶುರುವಾದದ್ದು 1940ರಲ್ಲಿ. ಎರಡನೆಯ ಮಹಾಯುದ್ಧ ಜೋರಾದಾಗ, 1943ರಲ್ಲಿ, ಅಮೆರಿಕದ ವಾಯುಪಡೆ ಅದನ್ನು ವಹಿಸಿಕೊಂಡು ವಿಮಾನ ರಿಪೇರಿಯ ಕೇಂದ್ರ ಮಾಡಿಕೊಂಡಿತು. ಬರ್ಮಾದ ಕಾಡಿಗೆ ಸೈನಿಕರನ್ನೂ ಆಹಾರವನ್ನೂ ಮೇಲಿಂದ ಇಳಿಸುತ್ತಿದ್ದುದು ಡಕೋಟ ವಿಮಾನಗಳು. ಆ ಜಾತಿಯ ವಿಮಾನಗಳನ್ನು ಇಲ್ಲಿ ಬಿಚ್ಚಿ, ತಿದ್ದಿ, ಮತ್ತೆ ಹಾರಿಸಿದವರಲ್ಲಿ ನಮ್ಮೂರಿನ ಕೆಲಸಗಾರರೂ ಇದ್ದರು.

ಈಗ ಮೊದಲನೆಯ ಸೇತುವೆ. ಅದು ಇರುವುದು ಹಾಲೆಂಡಿನ ಆರ್ನೆಮ್ ಪಟ್ಟಣದಲ್ಲಿ. 1944ರ ಸೆಪ್ಟೆಂಬರ್ 17ರಂದು ಬ್ರಿಟಿಷರ ಸುಮಾರು 10,000 ಸೈನಿಕರ ಒಂದು ಡಿವಿಷನ್ನನ್ನು ಪ್ಯಾರಾಚೂಟ್ ಮತ್ತು ಗ್ಲೈಡರುಗಳಲ್ಲಿ ಅಲ್ಲಿಗೆ ಇಳಿಸತೊಡಗಿದರು. ಇಳಿದ ಮೈದಾನಗಳಿಗೂ ಸೇತುವೆಗೂ 10 ಕಿಲೋಮೀಟರಿಗೂ ಹೆಚ್ಚು ಅಂತರ, ಹತ್ತಿರಹತ್ತಿರ ಸಾರಕ್ಕಿ ಸಿಗ್ನಲ್‌ನಿಂದ ಮೆಜೆಸ್ಟಿಕ್‌ಗೆ ಹೋದಷ್ಟು. ದಾರಿಯಲ್ಲಿ ಜರ್ಮನರು ತಡೆದರು. ಸೇತುವೆಯ ಉತ್ತರದ ತುದಿಯನ್ನು ಮುಟ್ಟಿ ಹಿಡಿದವರು ಕರ್ನಲ್ ಜಾನ್ ಫ್ರಾಸ್ಟ್ ಅವರ ಕೈಕೆಳಗಿನ ಸುಮಾರು 740 ಮಂದಿ ಮಾತ್ರ.

ಮಕ್ಕಳೇ, ಪ್ಯಾರಾಚೂಟ್ ಸೈನಿಕನ ಕಷ್ಟ ಇಳಿದ ಮೇಲೆ ಶುರುವಾಗುತ್ತದೆ. ಅವನ ಹತ್ತಿರ ಟ್ಯಾಂಕಿಲ್ಲ, ದೊಡ್ಡ ತೋಪುಗಳಿಲ್ಲ. ಬೆನ್ನ ಮೇಲೆ ಹೊತ್ತು ತಂದ ಮದ್ದುಗುಂಡು ಖರ್ಚಾಗುವ ಮೊದಲು ನೆಲದ ದಾರಿಯಿಂದ ಸ್ನೇಹಿತರ ಸೇನೆ ಬಂದು ಕೂಡಿಕೊಳ್ಳಬೇಕು. ಆರ್ನೆಮ್‌ಗೆ ಅದು ಬರಲೇ ಇಲ್ಲ. ಫ್ರಾಸ್ಟ್ ಪಡೆ ನಾಲ್ಕನೆಯ ದಿನದವರೆಗೂ ಹೋರಾಡಿ ಮುಗಿದುಹೋಯಿತು. ಇಡೀ ಡಿವಿಷನ್ನಿನಲ್ಲಿ ಕೊನೆಗೆ ರಾತ್ರೋರಾತ್ರಿ ನದಿ ದಾಟಿ ಹಿಂದಕ್ಕೆ ಬಂದವರು ಸುಮಾರು 2,400 ಮಂದಿ.

ಈ ಸೋಲಿನ ಕಥೆ ಲೋಕಕ್ಕೆಲ್ಲ ಗೊತ್ತಾದದ್ದು ಕಾರ್ನೀಲಿಯಸ್ ರಯಾನ್ ಎಂಬ ಪತ್ರಕರ್ತರಿಂದ. 'ಎ ಬ್ರಿಡ್ಜ್ ಟೂ ಫಾರ್' ಎಂಬ ಪುಸ್ತಕವನ್ನು ಅವರು ಕ್ಯಾನ್ಸರಿನಲ್ಲಿ ನರಳುತ್ತಲೇ ಬರೆದು ಮುಗಿಸಿದರು. ಅದು ಪ್ರಕಟವಾದ 1974ರಲ್ಲೇ ತೀರಿಕೊಂಡರು. ಮುಂದೆ 'ಗಾಂಧಿ' ಸಿನಿಮಾ ಮಾಡಿದ ಅಟೆನ್‌ಬರೋ ಅವರೇ 1977ರಲ್ಲಿ ಅದನ್ನು ಚಲನಚಿತ್ರ ಮಾಡಿದರು. ರಯಾನ್ ಕಾದಂಬರಿಯ ಹಾಗೆ ಓದಿಸಿಕೊಂಡು ಹೋಗುತ್ತಾರೆ. ಆದರೆ ಅದರ ಹಿಂದಿನ ದುಡಿಮೆ ದೊಡ್ಡದು. ಜನರಲ್‌ಗಳಿಗಷ್ಟೇ ಅವರು ಕಿವಿಗೊಡಲಿಲ್ಲ. ಬ್ರಿಟಿಷ್, ಅಮೆರಿಕನ್, ಪೋಲಿಷ್ ಸೈನಿಕರು, ಎದುರಿಗೆ ನಿಂತಿದ್ದ ಜರ್ಮನರು, ಮನೆಯ ನೆಲಮಾಳಿಗೆಯಲ್ಲಿ ಅಡಗಿದ್ದ ಡಚ್ ಹೆಂಗಸರು ಮಕ್ಕಳು, ಹೀಗೆ ನೂರಾರು ಮಂದಿಯ ಹೇಳಿಕೆಗಳನ್ನು ಕೂಡಿಸಿದರು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನ ಪಕ್ಕದಲ್ಲಿಟ್ಟು ತೂಗಿ ನೋಡಿದರು.

ಎರಡನೆಯ ಸೇತುವೆ ನಮ್ಮ ಸೈನಿಕರದು. 1971ರ ಡಿಸೆಂಬರ್ 11ರ ಸಂಜೆ, ಈಗಿನ ಬಾಂಗ್ಲಾದೇಶದ ಟಂಗೈಲ್ ಬಳಿ, ನಮ್ಮ 2ನೇ ಪ್ಯಾರಾ ಬೆಟಾಲಿಯನ್ ಆಕಾಶದಿಂದ ಇಳಿಯಿತು. ಉತ್ತರದಿಂದ ಢಾಕಾ ಕಡೆಗೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನದ ಬ್ರಿಗೇಡಿನ ದಾರಿ ಕಟ್ಟಲು ಲೋಹಜಂಗ್ ನದಿಯ ಪೂಂಗ್ಲಿ ಸೇತುವೆಯನ್ನು ಹಿಡಿಯಬೇಕಿತ್ತು. ನಾಯಕರು ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು. ಅವರಿಗೆ ಮುಂದೆ ಮಹಾವೀರ ಚಕ್ರ ಬಂತು. ಇಳಿದವರು ಸುಮಾರು 700 ಮಂದಿ. ಆರ್ನೆಮ್ ಸೇತುವೆಯಲ್ಲಿ ಫ್ರಾಸ್ಟ್ ಜೊತೆ ಇದ್ದವರೂ ಹೆಚ್ಚುಕಡಿಮೆ ಇಷ್ಟೇ ಮಂದಿ ಎಂಬುದನ್ನು ಗಮನಿಸಿ.

ಆದರೆ ಇಲ್ಲಿ ಎರಡು ವಿಷಯಗಳು ಬೇರೆಯಾಗಿದ್ದವು. ಮೊದಲನೆಯದು, ಊರಿನ ಜನ. ಕಾದರ್ ಸಿದ್ದಿಕಿಯವರ ಮುಕ್ತಿವಾಹಿನಿ ಆ ಪ್ರದೇಶದಲ್ಲಿ ಬಲವಾಗಿತ್ತು. ನಮ್ಮ ಅಧಿಕಾರಿಯೊಬ್ಬರು ಮೊದಲೇ ಅಲ್ಲಿಗೆ ಹೋಗಿ ಅವರ ಜೊತೆ ಸೇರಿ ಇಳಿಯುವ ಜಾಗ ಗೊತ್ತುಮಾಡಿದ್ದರು. ಹೊಲ ಕೆರೆಗಳಲ್ಲಿ ಬಿದ್ದ ಸಾಮಾನನ್ನು ಹುಡುಕಿ ಹೊತ್ತು ತಂದುಕೊಟ್ಟವರು ಅಲ್ಲಿನ ಹಳ್ಳಿಗರು. ಎರಡನೆಯದು, ನೆಲದ ದಾರಿಯ ಸೇನೆ ಬಂದು ಮುಟ್ಟಿತು. ಮರುದಿನ, ಡಿಸೆಂಬರ್ 12ರ ಸಂಜೆ, 1ನೇ ಮರಾಠಾ ಲೈಟ್ ಇನ್‌ಫೆಂಟ್ರಿ ಸೇತುವೆಯ ಹತ್ತಿರ ಪ್ಯಾರಾಗಳನ್ನು ಕೂಡಿಕೊಂಡಿತು.

ಇಲ್ಲೊಂದು ಸ್ವಾರಸ್ಯವಿದೆ. ಈ 2ನೇ ಪ್ಯಾರಾ ಮೂಲದಲ್ಲಿ ಮರಾಠಾ ರೆಜಿಮೆಂಟಿನ 3ನೇ ಬೆಟಾಲಿಯನ್. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ಆಕಾಶದಿಂದ ಇಳಿದವರೂ ನೆಲದ ಮೇಲೆ ನಡೆದು ಬಂದವರೂ ಒಂದೇ ತಾಯಿಬೇರಿನವರು. ಡಿಸೆಂಬರ್ 16ರಂದು ಢಾಕಾ ನಗರವನ್ನು ಮೊದಲು ಹೊಕ್ಕ ಭಾರತೀಯ ಸೈನಿಕರಲ್ಲಿ ಈ 2ನೇ ಪ್ಯಾರಾದವರಿದ್ದರು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಟಂಗೈಲ್‌ನಲ್ಲಿ ಇಳಿದವರು 700 ಮಂದಿ ಎಂದೆ. ಅಂದಿನ ವಿದೇಶಿ ಪತ್ರಿಕೆ, ರೇಡಿಯೋಗಳಲ್ಲಿ ಬಂದ ಸುದ್ದಿ 5,000 ಮಂದಿ ಎಂದು! ಆಗ ಸೇನೆಯ ಪ್ರಚಾರದ ಹೊಣೆ ಹೊತ್ತಿದ್ದ ರಾಮಮೋಹನ ರಾವ್ ಅವರು ಇದರ ಗುಟ್ಟನ್ನು ಮುಂದೆ ತಾವೇ ಹೇಳಿದ್ದಾರೆ. ಪತ್ರಿಕೆಗಳಿಗೆ ಕೊಡಲು ಟಂಗೈಲ್‌ನ ಫೋಟೋ ಇರಲಿಲ್ಲ. ಹಿಂದೆ ಆಗ್ರಾದಲ್ಲಿ ಇಡೀ ಬ್ರಿಗೇಡ್ ಅಭ್ಯಾಸ ಮಾಡಿದಾಗ ತೆಗೆದ ಫೋಟೋ ಇತ್ತು. ಅದೇ ಹೋಯಿತು. ಆಕಾಶದ ತುಂಬ ಪ್ಯಾರಾಚೂಟುಗಳನ್ನು ಕಂಡವರು ಸಾವಿರಗಟ್ಟಲೆ ಸೈನಿಕರು ಎಂದು ನಂಬಿದರು. ಢಾಕಾದಲ್ಲಿದ್ದ ಪಾಕಿಸ್ತಾನಿ ಸೇನಾಧಿಕಾರಿಗಳ ಎದೆಗುಂದಲು ಆ ಸುದ್ದಿಯೂ ಕಾರಣ ಎನ್ನುವವರಿದ್ದಾರೆ.

ಯುದ್ಧದ ಸಮಯದಲ್ಲಿ ಶತ್ರು 5,000 ಎಂದು ಹೆದರಿಕೊಂಡರೆ ನಮಗೆ ಲಾಭ, ಅದು ಸರಿ. ಯುದ್ಧ ಮುಗಿದ ಮೇಲೂ ನಾವು ಪುಸ್ತಕದಲ್ಲಿ 5,000 ಎಂದೇ ಬರೆದರೆ ನಷ್ಟ ಯಾರಿಗೆ? ಆ 700 ಮಂದಿಗೆ. ಸಂಜೆಯ ಹೊತ್ತು ಅರಿಯದ ನೆಲಕ್ಕೆ ಹಾರಿ, ತಮಗಿಂತ ದೊಡ್ಡ ಪಡೆಯ ದಾರಿಗೆ ಅಡ್ಡ ನಿಂತವರು ಅವರು. ಐದು ಸಾವಿರವೆಂದು ಬರೆದ ಕೂಡಲೇ ಅವರ ಧೈರ್ಯ ಏಳರಲ್ಲಿ ಒಂದು ಪಾಲಾಗುತ್ತದೆ. ಹೊಲದಲ್ಲಿ ಹೆಗಲು ಕೊಟ್ಟ ಬಂಗಾಳಿ ರೈತನಂತೂ ಲೆಕ್ಕದಿಂದಲೇ ಬಿಟ್ಟುಹೋಗುತ್ತಾನೆ. ಹಾಗೆಯೇ, ಶತ್ರುವಿನ ಬ್ರಿಗೇಡಿನ ಒಂದು ಭಾಗ ನಮ್ಮವರು ಇಳಿಯುವ ಮೊದಲೇ ಸೇತುವೆ ದಾಟಿ ಹೋಗಿತ್ತು ಎಂಬುದನ್ನೂ ಬರೆಯಬೇಕು. ಅದನ್ನು ಹೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಮುಂದೆ ಓದುವವನಿಗೆ ಉಳಿದ ಮಾತುಗಳ ಮೇಲೂ ನಂಬಿಕೆ ಬರುತ್ತದೆ.

ಸರ್ಕಾರ ಬರೆಸಿದ 1971ರ ಯುದ್ಧದ ಇತಿಹಾಸ ಸಿದ್ಧವಾದ ಮೇಲೂ ಬಹಳ ವರ್ಷ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಅಧಿಕೃತ ಕಪಾಟಿಗೆ ಬೀಗವಿದ್ದಾಗ ಜನರ ತಿಳಿವಳಿಕೆಯೆಲ್ಲ ಇಂಥ ಜನಪ್ರಿಯ ಪುಸ್ತಕಗಳ ಮೇಲೆ ನಿಲ್ಲುತ್ತದೆ. ಆದ್ದರಿಂದ ಎಲ್ಲರಿಗೂ ತಿಳಿಯುವಂತೆ ಬರೆಯುವವನ ಲೆಕ್ಕ ಪಂಡಿತನ ಲೆಕ್ಕಕ್ಕಿಂತ ಬಿಗಿಯಾಗಿರಬೇಕು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಮಿಲೇನಿಯಂ ಸರಣಿಯಲ್ಲಿ 'ಮಹಾಯುದ್ಧ'ದ ಸಂಪುಟಗಳನ್ನು ತಂದು, ಇಂಥ ವಿಷಯವನ್ನು ನಮ್ಮ ಹೈಸ್ಕೂಲು ಹುಡುಗರೂ ಓದಬಹುದು ಎಂದು ತೋರಿಸಿಕೊಟ್ಟರು. ಬೆಳಗಾವಿ ಸೀಮೆಯಿಂದ, ಕೊಡಗಿನಿಂದ, ಬೆಂಗಳೂರಿನ ಸುತ್ತಲಿನ ಹಳ್ಳಿಗಳಿಂದ ಹೋದ ಸಿಪಾಯಿಗಳ ಮಾತಿನಲ್ಲೇ ಬಂದ ಕನ್ನಡ ಪುಸ್ತಕಗಳು ನಮಗೆ ಇನ್ನೂ ಬಹಳ ಬೇಕು. 1971ರಲ್ಲಿ 20 ವರ್ಷದವನಾಗಿದ್ದ ಸಿಪಾಯಿಗೆ ಈಗ 70 ದಾಟಿದೆ. ಅವರು ಹೊರಟುಹೋದರೆ ಉಳಿಯುವುದು ಆಗ್ರಾದ ಫೋಟೋ ಒಂದೇ.

ಅದಕ್ಕೆ ಮಕ್ಕಳೇ, ನಿಮಗೊಂದು ಮನೆಪಾಠ ಕೊಡುತ್ತೇನೆ. ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ ನಿವೃತ್ತ ಸೈನಿಕರಿದ್ದರೆ, ಎಚ್‌ಎಎಲ್‌ನಲ್ಲಿ ದುಡಿದ ಅಜ್ಜಂದಿರಿದ್ದರೆ ಹೋಗಿ ಕೂತು ಮಾತಾಡಿಸಿ. ಎಷ್ಟು ಜನ ಇದ್ದಿರಿ, ಏನು ತಿಂದಿರಿ, ಯಾರು ಸಹಾಯ ಮಾಡಿದರು, ಯಾರು ತಿರುಗಿ ಬರಲಿಲ್ಲ, ಇಷ್ಟು ಕೇಳಿ. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳಿ. ದಿನಾಂಕ ಹಾಕಿ. ಇನ್ನೊಬ್ಬರನ್ನೂ ಕೇಳಿ ತಾಳೆ ನೋಡಿ. ನೋಟ್‌ಬುಕ್ಕನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಿ.