ಹ್ಯಾಶ್‌ಮ್ಯಾಪ್ ಮತ್ತು ಇಟರೇಟರ್



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಕಂಪ್ಯೂಟರ್ ವಿಷಯ ಯಾಕೆ ಎಂದು ನಿಮಗೆ ಅನಿಸಬಹುದು. ತಪ್ಪು ಮಾಡಿ ಕಲಿತದ್ದನ್ನು ಹೇಳುತ್ತೇನೆ, ಅಷ್ಟೇ.

ಶಾಲೆಯ ಗ್ರಂಥಾಲಯಕ್ಕೆಂದು ಜಾವಾ ಭಾಷೆಯಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದೆ. ಪುಸ್ತಕ ಒಯ್ದವರ ಹೆಸರು ಹ್ಯಾಶ್‌ಮ್ಯಾಪ್‌ನಲ್ಲಿ. ಒಂದೊಂದೇ ಹೆಸರು ನೋಡುತ್ತ, ಹಿಂತಿರುಗಿಸಿದವರದನ್ನು ಅಲ್ಲೇ ತೆಗೆಯಬೇಕು. ಐದು ಹೆಸರು ಹಾಕಿ ನೋಡಿದೆ, ಸರಿಯಾಗಿ ನಡೆಯಿತು. ಇಡೀ ಶಾಲೆಯ ಪಟ್ಟಿ ಕೊಟ್ಟಾಗ ನಡುವೆಯೇ ನಿಂತು 'ಕನ್‌ಕರೆಂಟ್ ಮಾಡಿಫಿಕೇಷನ್ ಎಕ್ಸೆಪ್ಷನ್' ಎಂದಿತು. ನಿಂತದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ ಪುಸ್ತಕ ಮರಳಿಸಿದ ಮಗುವಿನಿಂದ ದಂಡ ಕೇಳುತ್ತಿದ್ದೆನೋ ಏನೋ.

ಹ್ಯಾಶ್‌ಮ್ಯಾಪ್ ಎಂದರೆ ಗೂಡುಗಳಿರುವ ಕಪಾಟು ಎಂದುಕೊಳ್ಳಿ. ಯಾವ ಹೆಸರು ಯಾವ ಗೂಡಿಗೆ ಎಂಬುದನ್ನು ಒಂದು ಲೆಕ್ಕ ತೀರ್ಮಾನಿಸುತ್ತದೆ. ಉರ್ದು ನಿಘಂಟಿನ ಅಲಿಫ್, ಕನ್ನಡ ನಿಘಂಟಿನ ಅಕಾರ, ಇಂಥ ಯಾವ ಕ್ರಮವೂ ಇಲ್ಲಿಲ್ಲ. ಜಾವಾದಲ್ಲಿ ಸಾಮಾನ್ಯವಾಗಿ ಮೊದಲು 16 ಗೂಡು. ಹೆಸರುಗಳು 12 ದಾಟಿದರೆ 32 ಗೂಡಿನ ಕಪಾಟು ಮಾಡಿ ಎಲ್ಲವನ್ನೂ ಮರುಹಂಚುತ್ತದೆ. ಇಟರೇಟರ್ ಎಂದರೆ ಗೂಡಿನಿಂದ ಗೂಡಿಗೆ ಸರಿಯುವ ಬೆರಳು. ಬೆರಳು ನಡುವೆ ಇರುವಾಗಲೇ ಕಪಾಟು ಬದಲಾದರೆ ಅದು ದಾರಿ ತಪ್ಪಬಹುದು. ಅದಕ್ಕೇ ಜಾವಾ ಬದಲಾವಣೆಗಳ ಎಣಿಕೆ ಇಟ್ಟು, ಬೆರಳು ಮುಂದಿನ ಹೆಸರಿಗೆ ಸರಿಯುವಾಗಲೆಲ್ಲ ತಾಳೆ ನೋಡುತ್ತದೆ.

ಐದು ಹೆಸರಿಗೆ ಯಾಕೆ ಸುಮ್ಮನಿತ್ತು? ನಾನು ತೆಗೆದದ್ದು ಆಕಸ್ಮಿಕವಾಗಿ ಬೆರಳು ಮುಟ್ಟಿದ ಕಡೆಯ ಹೆಸರು. ಮುಂದೆ ಸರಿಯಲು ಏನೂ ಇರಲಿಲ್ಲ, ತಾಳೆಯೂ ನಡೆಯಲಿಲ್ಲ. ಈ ಎಚ್ಚರಿಕೆ ಸದಾ ಸಿಗುತ್ತದೆಂಬ ಖಾತರಿಯಿಲ್ಲ ಎಂದು ಜಾವಾ ಕೈಪಿಡಿಯೇ ಹೇಳುತ್ತದೆ. ಪ್ರೋಗ್ರಾಂ ಓಡಿತು ಎಂದ ಮಾತ್ರಕ್ಕೆ ಸರಿಯಿದೆ ಎಂದು ನಾನು ನಂಬಿದ್ದೆ, ನೋಡಿ.

ಪರಿಹಾರ ಸುಲಭ. ಪಟ್ಟಿಗೆ ಹೇಳಿ ತೆಗೆಸಬೇಡಿ, ಇಟರೇಟರ್‌ನ ಸ್ವಂತ 'ರಿಮೂವ್' ಬಳಸಿ. ಆಗ ಬೆರಳಿಗೂ ವಿಷಯ ತಿಳಿದಿರುತ್ತದೆ. 2014ರ ಜಾವಾ 8ರಿಂದ 'ರಿಮೂವ್‌ಇಫ್' ಕೂಡ ಇದೆ. ಪೈಥಾನ್ ಕಲಿಯುವವರು ಕೀಗಳ ಪ್ರತಿ ಮಾಡಿಕೊಂಡು ಅದರ ಮೇಲೆ ಓಡಾಡಿ. ಸಿ ಪ್ಲಸ್ ಪ್ಲಸ್‌ನವರು ಇನ್ನೂ ಜೋಪಾನ! 'ಅನ್‌ಆರ್ಡರ್ಡ್ ಮ್ಯಾಪ್'ಗೆ ಹೊಸದನ್ನು ಸೇರಿಸಿದಾಗ ಮರುಹಂಚಿಕೆಯಾದರೆ ಹಳೆಯ ಇಟರೇಟರ್‌ಗಳೆಲ್ಲ ಕೆಡುತ್ತವೆ, ಎಚ್ಚರಿಕೆ ಬರಲೇಬೇಕೆಂದಿಲ್ಲ. ತೆಗೆಯುವಾಗ ಮಾತ್ರ 'ಇರೇಸ್' ಮುಂದಿನ ಇಟರೇಟರನ್ನು ಕೈಗೆ ಕೊಡುತ್ತದೆ. ಅದನ್ನೇ ಹಿಡಿದು ಮುಂದುವರಿಯಿರಿ.

ಈಗಲೂ ಐದು ಹೆಸರಿನಿಂದಲೇ ಪರೀಕ್ಷೆ ಆರಂಭಿಸುತ್ತೇನೆ. ಆದರೆ ಮೊದಲು ಬಂದದ್ದು, ನಡುವೆ ಬಂದದ್ದು, ಕಡೆಗೆ ಬಂದದ್ದು, ಮೂರನ್ನೂ ಒಂದೊಂದು ಸಲ ತೆಗೆದು ನೋಡುತ್ತೇನೆ.